ಗಣಿತಗುರು ಶ್ರೀ ಭಾಸ್ಕರಾಚಾರ್ಯರು

ಭರತಖಂಡದ ಶಾಸ್ತ್ರಪರಂಪರೆಯಲ್ಲಿ ಗ್ರಂಥಗಳನ್ನು ರಚಿಸಿ ಕೀರ್ತಿಶೇಷರಾದ ವಿದ್ವಾಂಸರು ಅನೇಕರು. ಆದರೆ ಕಲಿಯುವವನ ಮನಸ್ಸನ್ನು ಹೊಕ್ಕು, ಅವನು ಎಲ್ಲಿ ಎಡವುತ್ತಾನೆ, ಎಲ್ಲಿ ಬೇಸರಪಡುತ್ತಾನೆ, ಯಾವುದರಿಂದ ಅವನ ಬುದ್ಧಿ ಅರಳುತ್ತದೆ ಎಂಬುದನ್ನು ಅರಿತು ಶಾಸ್ತ್ರವನ್ನು ಬರೆದವರು ವಿರಳ. ಆ ವಿರಳರ ಪಂಕ್ತಿಯಲ್ಲಿ ಅಗ್ರಸ್ಥಾನಕ್ಕೆ ಅರ್ಹರಾದವರು ೧೨ನೆಯ ಶತಮಾನದ ಗಣಿತಗುರು ಶ್ರೀ ಭಾಸ್ಕರಾಚಾರ್ಯರು. ೭ನೆಯ ಶತಮಾನದಲ್ಲಿ ಆರ್ಯಭಟೀಯಕ್ಕೆ ಭಾಷ್ಯವನ್ನು ಬರೆದ ಭಾಸ್ಕರರು ಬೇರೆ. 'ಲೀಲಾವತಿ'ಯ ಕರ್ತೃಗಳಾದ ಈ ಭಾಸ್ಕರಾಚಾರ್ಯರು ಬೇರೆ. ೧೯೭೯ ಮತ್ತು ೧೯೮೧ರಲ್ಲಿ ಭಾರತವು ಬಾನಿಗೆ ಕಳುಹಿಸಿದ ಎರಡು ಉಪಗ್ರಹಗಳು 'ಭಾಸ್ಕರ' ಎಂಬ ಹೆಸರನ್ನು ಹೊತ್ತು ಈ ಮಹನೀಯರಿಬ್ಬರನ್ನೂ ಸ್ಮರಣೆಗೆ ತಂದವು.

ಗಣಿತವನ್ನು ಕಲಿಯುವವರ ಸಂಕಟವೊಂದು ಎಲ್ಲ ಕಾಲಕ್ಕೂ ಒಂದೇ ಆಗಿದೆ. ರೇಖಾಗಣಿತದ ಪಾಠ ನಡೆಯುವಾಗ ತ್ರಿಭುಜಗಳನ್ನೂ, ಬೀಜಗಣಿತದ ಪಾಠ ನಡೆಯುವಾಗ ಸಮೀಕರಣಗಳನ್ನೂ, ಸಂಭವನೀಯತೆಯ ಪಾಠ ನಡೆಯುವಾಗ ದಾಳ ನಾಣ್ಯಗಳ ಲೆಕ್ಕಗಳನ್ನೂ ವಿದ್ಯಾರ್ಥಿಯು ಸರಾಗವಾಗಿ ಬಿಡಿಸುತ್ತಾನೆ. ಅಧ್ಯಾಯದ ಹೆಸರೇ ಅಲ್ಲಿ ಅವನಿಗೆ ದಾರಿ ತೋರಿಸುತ್ತಿರುತ್ತದೆ. ಆ ಮೂರನ್ನೂ ಬೆರೆಸಿ ಮುಂದಿಟ್ಟ ದಿನ ಅವನ ಕೈ ತಡೆಯುತ್ತದೆ. ಸೂತ್ರ ಮರೆತಿರುವುದಿಲ್ಲ, ಯಾವ ಸೂತ್ರವನ್ನು ಕರೆಯಬೇಕೆಂಬುದು ಹೊಳೆಯುವುದಿಲ್ಲ. ಸೂತ್ರವು ಬಾಯಿಗೆ ಬರುವುದು ಬೇರೆ, ಲೆಕ್ಕವನ್ನು ಕಂಡೊಡನೆ ಅದರ ಮರ್ಮ ಕಾಣುವುದು ಬೇರೆ. ಮೊದಲನೆಯದು ನಾಲಗೆಯ ಅಭ್ಯಾಸ, ಎರಡನೆಯದು ಬುದ್ಧಿಯ ಸಂಸ್ಕಾರ. ಭಾಸ್ಕರಾಚಾರ್ಯರ ಬಾಳೆಲ್ಲವೂ ಈ ಎರಡನೆಯದನ್ನು ಶಿಷ್ಯರಲ್ಲಿ ಬೆಳೆಸುವ ಸಾಧನೆಯಾಗಿತ್ತೆಂದರೆ ಅತಿಶಯೋಕ್ತಿಯಾಗದು.

ಆಚಾರ್ಯರು ಹುಟ್ಟಿದ್ದು ಶಕವರ್ಷ ೧೦೩೬ರಲ್ಲಿ, ಎಂದರೆ ಕ್ರಿ.ಶ. ೧೧೧೪ರಲ್ಲಿ. ಈ ಕಾಲವನ್ನು ಅವರೇ ತಮ್ಮ ಗ್ರಂಥದಲ್ಲಿ ಹೇಳಿಕೊಂಡಿರುವುದರಿಂದ ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಶಾಂಡಿಲ್ಯ ಗೋತ್ರದ ವಿದ್ವದ್ವಂಶ ಅವರದು. ಸಹ್ಯಾದ್ರಿಯ ಆಶ್ರಯದಲ್ಲಿದ್ದ ವಿಜ್ಜಡವಿಡವೆಂಬ ಊರು ಅವರ ನೆಲೆ. ಆ ಊರು ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರೂ, ಖಾನದೇಶದ ಪಾಟಣದ ಆಸುಪಾಸಿನದೆಂದು ಮತ್ತೆ ಕೆಲವರೂ ವಾದಿಸುತ್ತ ಬಂದಿದ್ದಾರೆ. ಊರು ಯಾವುದೇ ಆಗಿರಲಿ, ಅವರು ಬಾಳಿದ ದಖ್ಖಣ ನಾಡಿಗೆ ಗಣಿತವು ಹೊಸ ವಿದ್ಯೆಯಾಗಿರಲಿಲ್ಲ. ೯ನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದ್ದರು. ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದ ರಾಜಾದಿತ್ಯನೂ ೧೨ನೆಯ ಶತಮಾನದವನೇ.

ಆಚಾರ್ಯರ ವಂಶಾವಳಿ ಶಿಲಾಶಾಸನದಲ್ಲಿ ಉಳಿದುಬಂದಿರುವುದು ಒಂದು ಭಾಗ್ಯವಿಶೇಷ. ಕವಿಚಕ್ರವರ್ತಿಯೆನಿಸಿದ ತ್ರಿವಿಕ್ರಮ, ಅವನ ಮಗ ಭೋಜರಾಜನಿಂದ ವಿದ್ಯಾಪತಿಯೆಂಬ ಬಿರುದನ್ನು ಪಡೆದ ಭಾಸ್ಕರಭಟ್ಟ, ಆಮೇಲೆ ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ ಎಂದು ಆ ಪರಂಪರೆ ಸಾಗುತ್ತದೆ. ಮಹೇಶ್ವರರೇ ಭಾಸ್ಕರಾಚಾರ್ಯರ ತಂದೆ, ಅವರೇ ಗುರುಗಳು. ಮನೆಯೇ ಪಾಠಶಾಲೆ, ತಂದೆಯೇ ಉಪಾಧ್ಯಾಯ ಎಂಬ ಈ ಸನ್ನಿವೇಶವೇ ಆಚಾರ್ಯರ ಗ್ರಂಥಗಳಲ್ಲಿ ಕಾಣುವ ವಾತ್ಸಲ್ಯದ ಧ್ವನಿಗೆ ಮೂಲವಾಗಿರಬೇಕು. ತಂದೆಯಿಂದ ಪಡೆದ ವಿದ್ಯೆಯೆಂಬುದನ್ನು ಅವರು ಬೀಜಗಣಿತದ ಕೊನೆಯಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭ ಮೊದಲಾದ ಹಿರಿಯರ ಗ್ರಂಥಗಳು ಅತಿ ವಿಸ್ತಾರವಾದುವೆಂದೂ, ಅವುಗಳ ಸಾರವನ್ನು ಶಿಷ್ಯರ ಹಿತಕ್ಕಾಗಿ ಸಂಗ್ರಹಿಸಿರುವುದಾಗಿಯೂ ಅವರು ವಿನಯದಿಂದ ತಿಳಿಸುತ್ತಾರೆ. ವರ್ಗಸಮೀಕರಣವನ್ನು ಬಿಡಿಸುವ ಶ್ರೀಧರರ ವಿಧಾನವು ನಮಗೆ ಉಳಿದಿರುವುದು ಆಚಾರ್ಯರು ಅದನ್ನು ಹೆಸರಿಸಿ ಎತ್ತಿಕೊಂಡಿರುವುದರಿಂದಲೇ. ಪೂರ್ವಸೂರಿಗಳ ಋಣವನ್ನು ಮರೆಯದಿರುವುದು ದೊಡ್ಡ ವಿದ್ವಾಂಸರ ಲಕ್ಷಣವಷ್ಟೆ.

ತಮ್ಮ ೩೬ನೆಯ ವಯಸ್ಸಿನಲ್ಲಿ, ಎಂದರೆ ೧೧೫೦ರಲ್ಲಿ, ಆಚಾರ್ಯರು 'ಸಿದ್ಧಾಂತಶಿರೋಮಣಿ'ಯನ್ನು ಮುಗಿಸಿದರು. ಪಾಟೀಗಣಿತವನ್ನು ಕುರಿತ ಲೀಲಾವತಿ, ಅವ್ಯಕ್ತರಾಶಿಗಳನ್ನು ಕುರಿತ ಬೀಜಗಣಿತ, ಗ್ರಹಗತಿಯನ್ನು ಕುರಿತ ಗ್ರಹಗಣಿತ, ಖಗೋಳವನ್ನು ಕುರಿತ ಗೋಲಾಧ್ಯಾಯ ಎಂಬ ನಾಲ್ಕು ಅಂಗಗಳು ಈ ಶಿರೋಮಣಿಗೆ. ಪದ್ಯದಲ್ಲಿ ಸೂತ್ರವನ್ನು ಹೇಳಿ ಅಷ್ಟಕ್ಕೇ ಕೈಬಿಟ್ಟವರಲ್ಲ ಅವರು; 'ವಾಸನಾ' ಎಂಬ ಸ್ವೋಪಜ್ಞ ವ್ಯಾಖ್ಯೆಯನ್ನೂ ಬರೆದು ಉಪಪತ್ತಿಗಳನ್ನು ವಿವರಿಸಿದರು. ಉಪಪತ್ತಿಯನ್ನು ಅರಿಯದ ಗಣಕನಿಗೆ ವಿದ್ವತ್ಸಭೆಯಲ್ಲಿ ಹಿರಿಮೆ ದೊರೆಯದು, ಅವನ ಸಂಶಯವೂ ಕಳೆಯದು ಎಂಬುದು ಅವರ ದೃಢವಾದ ನಿಲುವು. ಉತ್ತರ ಸರಿಯಾಗಿ ಬಂದರೆ ಸಾಲದು. ಏಕೆ ಬಂದಿತೆಂಬುದು ತಿಳಿದಿರಬೇಕು.

ಲೀಲಾವತಿಯೆಂಬ ಹೆಸರಿನ ಸುತ್ತ ಒಂದು ಕರುಣಾಜನಕ ಕಥೆ ಹೆಣೆದುಕೊಂಡಿದೆ. ಲೀಲಾವತಿ ಆಚಾರ್ಯರ ಮಗಳೆಂದೂ, ಅವಳ ವಿವಾಹಮುಹೂರ್ತವನ್ನು ಅಳೆಯಲು ಇರಿಸಿದ್ದ ಘಟಿಕಾಯಂತ್ರದಲ್ಲಿ ಅವಳ ಒಡವೆಯ ಮುತ್ತೊಂದು ಬಿದ್ದು ರಂಧ್ರ ಮುಚ್ಚಿಹೋಗಿ ಮುಹೂರ್ತ ಮೀರಿತೆಂದೂ, ದುಃಖಿತಳಾದ ಮಗಳ ಹೆಸರು ಚಿರಕಾಲ ನಿಲ್ಲಲೆಂದು ತಂದೆ ಈ ಗ್ರಂಥವನ್ನು ಬರೆದರೆಂದೂ ಆ ಕಥೆ ಹೇಳುತ್ತದೆ. ಅಕ್ಬರನ ಅಪ್ಪಣೆಯಂತೆ ೧೫೮೭ರಲ್ಲಿ ಫೈಜಿಯು ಮಾಡಿದ ಪಾರಸಿ ಅನುವಾದದ ಪೀಠಿಕೆಯಿಂದ ಇದು ಲೋಕಪ್ರಸಿದ್ಧವಾಯಿತು. ಆಚಾರ್ಯರು ತಾವಾಗಿ ಇದನ್ನು ಎಲ್ಲಿಯೂ ಹೇಳಿಲ್ಲ. ಗ್ರಂಥದಲ್ಲಿ ಮಾತ್ರ ಅವರು ಒಮ್ಮೆ ಬಾಲೆಯೊಬ್ಬಳನ್ನೂ, ಒಮ್ಮೆ ಗೆಳೆಯನನ್ನೂ, ಒಮ್ಮೆ ವರ್ತಕನನ್ನೂ ಕರೆದು ಪ್ರಶ್ನೆಯನ್ನು ಮುಂದಿಡುತ್ತಾರೆ. ಕಥೆಯು ನಿಜವಿರಲಿ ಇಲ್ಲದಿರಲಿ, ಎದುರಿಗೆ ಕುಳಿತ ಒಂದು ಎಳೆಯ ಜೀವಕ್ಕೆ ಅಕ್ಕರೆಯಿಂದ ಹೇಳಿದ ಪಾಠ ಇದೆಂಬುದನ್ನು ಗ್ರಂಥದ ಪ್ರತಿಪುಟವೂ ಸಾರುತ್ತದೆ.

ಆ ಪಾಠದ ಕ್ರಮವನ್ನು ಸ್ವಲ್ಪ ಪರಿಶೀಲಿಸಬೇಕು. ಮೂವತ್ತೆರಡು ಮೊಳದ ಬಿದಿರೊಂದು ಗಾಳಿಗೆ ಮುರಿದು, ಅದರ ತುದಿ ಬುಡದಿಂದ ಹದಿನಾರು ಮೊಳ ದೂರದಲ್ಲಿ ನೆಲವನ್ನು ಮುಟ್ಟಿತು. ಮುರಿದದ್ದು ಎಷ್ಟು ಎತ್ತರದಲ್ಲಿ ಎಂಬುದು ಒಂದು ಪ್ರಶ್ನೆ. ಒಂಬತ್ತು ಮೊಳದ ಕಂಬದ ಮೇಲೆ ನವಿಲೊಂದು ಕುಳಿತಿದೆ. ಕಂಬದ ಬುಡದಲ್ಲಿರುವ ಹುತ್ತಕ್ಕೆ ಇಪ್ಪತ್ತೇಳು ಮೊಳ ದೂರದಿಂದ ಹಾವೊಂದು ಬರುತ್ತಿದೆ. ನವಿಲು ಓರೆಯಾಗಿ ಎರಗಿತು. ಇಬ್ಬರೂ ಸಮದೂರ ಸಾಗಿದ್ದರೆ ಹುತ್ತದಿಂದ ಎಷ್ಟು ದೂರದಲ್ಲಿ ಸಂಧಿಸಿದರೆಂಬುದು ಎರಡನೆಯ ಪ್ರಶ್ನೆ. ಸರೋವರದಲ್ಲಿ ನೀರಿನ ಮೇಲೆ ಒಂದು ಗೇಣು ಎದ್ದಿದ್ದ ತಾವರೆಯ ಮೊಗ್ಗು ಗಾಳಿಗೆ ಬಾಗಿ ಎರಡು ಮೊಳ ದೂರದಲ್ಲಿ ಮುಳುಗಿತು. ನೀರಿನ ಆಳವೆಷ್ಟೆಂಬುದು ಮೂರನೆಯ ಪ್ರಶ್ನೆ. ಬಿದಿರು ಮುರಿದದ್ದು ಹನ್ನೆರಡು ಮೊಳ ಎತ್ತರದಲ್ಲಿ, ಹಾವು ಸಿಕ್ಕಿದ್ದು ಹುತ್ತದಿಂದ ಹನ್ನೆರಡು ಮೊಳ ದೂರದಲ್ಲಿ, ನೀರಿನ ಆಳ ಕಾಲು ಕಡಿಮೆ ನಾಲ್ಕು ಮೊಳ.

ಮೂರೂ ಲಂಬಕೋನ ತ್ರಿಭುಜದ ಲೆಕ್ಕಗಳೇ. ಆದರೂ ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ಗುರುವಿನ ಜಾಣ್ಮೆ ಗೋಚರಿಸುತ್ತದೆ. ಬಿದಿರಿಗೂ ನವಿಲಿಗೂ ಮೇಲುನೋಟಕ್ಕೆ ಏನೂ ಸಂಬಂಧವಿಲ್ಲ. ಒಳಗೆ ಮಾತ್ರ ಎರಡೂ ಒಂದೇ. ಎರಡರಲ್ಲಿಯೂ ಕರ್ಣ ಮತ್ತು ಒಂದು ಬಾಹುವಿನ ಮೊತ್ತ ತಿಳಿದಿದೆ, ಇನ್ನೊಂದು ಬಾಹು ತಿಳಿದಿದೆ. ಬಿದಿರಿಗೂ ತಾವರೆಗೂ ಮೇಲುನೋಟಕ್ಕೆ ಹೋಲಿಕೆಯಿದೆ. ಎರಡೂ ಗಾಳಿಗೆ ಬಾಗಿದವು. ಒಳಗೆ ಮಾತ್ರ ಅವು ಬೇರೆ. ತಾವರೆಯಲ್ಲಿ ತಿಳಿದಿರುವುದು ಕರ್ಣ ಮತ್ತು ಬಾಹುವಿನ ಮೊತ್ತವಲ್ಲ, ವ್ಯತ್ಯಾಸ. ವೇಷವನ್ನು ನೋಡಿ ಮೋಸಹೋಗಬಾರದು, ಒಳಗಿನ ಸಂಬಂಧವನ್ನು ಕಾಣಬೇಕೆಂಬ ಪಾಠವನ್ನು ಆಚಾರ್ಯರು ಉಪದೇಶದ ಮಾತಿಲ್ಲದೆ, ಲೆಕ್ಕಗಳನ್ನು ಹೊಂದಿಸಿದ ರೀತಿಯಿಂದಲೇ ಬೋಧಿಸಿದ್ದಾರೆ. ಚಿತ್ರವನ್ನು ಬರೆದುಕೊಳ್ಳುವುದು ರೇಖಾಗಣಿತ. ತಿಳಿಯದ ಬಾಹುವನ್ನು ಅವ್ಯಕ್ತವೆಂದಿಟ್ಟುಕೊಂಡು ಸಮೀಕರಣವನ್ನು ಬಿಡಿಸುವುದು ಬೀಜಗಣಿತ. ಒಂದೇ ಲೆಕ್ಕದಲ್ಲಿ ಎರಡು ವಿದ್ಯೆಗಳೂ ಕೈಹಿಡಿದು ನಡೆಯುತ್ತವೆ.

ಇದೇ ಜಾಣ್ಮೆ ವರ್ಗಮೂಲ ಸೇರಿದ ಲೆಕ್ಕಗಳಲ್ಲಿಯೂ ಇದೆ. ದುಂಬಿಗಳ ಹಿಂಡಿನ ಅರ್ಧದ ವರ್ಗಮೂಲದಷ್ಟು ಒಂದು ಕಡೆಗೂ, ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಪಾಲು ಇನ್ನೊಂದು ಕಡೆಗೂ ಹಾರಿಹೋಗಿ, ತಾವರೆಯೊಳಗೆ ಸಿಕ್ಕಿಬಿದ್ದ ಗಂಡುದುಂಬಿಯೂ ಹೊರಗೆ ಮೊರೆಯುವ ಹೆಣ್ಣುದುಂಬಿಯೂ ಉಳಿದವು. ಹಿಂಡಿನ ಸಂಖ್ಯೆ ೭೨. ಕರ್ಣಾರ್ಜುನರ ಯುದ್ಧದಲ್ಲಿ ಅರ್ಜುನನು ಬತ್ತಳಿಕೆಯ ಅರ್ಧ ಬಾಣಗಳಿಂದ ಶತ್ರುವಿನ ಬಾಣಗಳನ್ನು ತಡೆದು, ಒಟ್ಟು ಬಾಣಗಳ ವರ್ಗಮೂಲದ ನಾಲ್ಕರಷ್ಟರಿಂದ ಕುದುರೆಗಳನ್ನೂ, ಆರರಿಂದ ಶಲ್ಯನನ್ನೂ, ಮೂರರಿಂದ ಛತ್ರ ಧ್ವಜ ಧನುಸ್ಸುಗಳನ್ನೂ ಹೊಡೆದು, ಒಂದರಿಂದ ಕರ್ಣನ ಶಿರಸ್ಸನ್ನು ಕತ್ತರಿಸಿದನು, ಬಾಣಗಳು ೧೦೦. ಒಂದರಲ್ಲಿ ಶೃಂಗಾರ, ಇನ್ನೊಂದರಲ್ಲಿ ವೀರ. ರಸ ಬೇರೆಯಾದರೂ ಎರಡೂ ವರ್ಗಸಮೀಕರಣಗಳೇ.

ಲೆಕ್ಕವನ್ನು ಬಿಡಿಸುವುದಕ್ಕೆ ಮೊದಲು, ಅದು ಬಿಡಿಸಲು ಬರುವ ಲೆಕ್ಕವೇ ಎಂದು ವಿಚಾರಿಸುವುದನ್ನೂ ಆಚಾರ್ಯರು ಕಲಿಸಿದರು. ಮೂರು, ಆರು, ಒಂಬತ್ತು ಅಳತೆಯ ಬಾಹುಗಳುಳ್ಳ ತ್ರಿಭುಜವನ್ನೂ, ಮೂರು, ಆರು, ಎರಡು, ಹನ್ನೆರಡು ಅಳತೆಯ ಬಾಹುಗಳುಳ್ಳ ಚತುರ್ಭುಜವನ್ನೂ ಒಬ್ಬ ದಿಟ್ಟನು ಹೇಳಿದರೆ, ಅವು ಕ್ಷೇತ್ರಗಳೇ ಅಲ್ಲವೆಂದು ತಿಳಿಯಬೇಕು. ಒಂದು ಬಾಹುವು ಉಳಿದವುಗಳ ಮೊತ್ತಕ್ಕೆ ಸಮವಾದರೆ ಅಥವಾ ಅದನ್ನು ಮೀರಿದರೆ ಆಕೃತಿ ಕೂಡುವುದಿಲ್ಲ. ಇದನ್ನು ಬಾಯಿಮಾತಿನಿಂದ ಒಪ್ಪಿಸುವ ಬದಲು, ಆಯಾ ಅಳತೆಯ ನೆಟ್ಟಗಿನ ಕಡ್ಡಿಗಳನ್ನು ನೆಲದ ಮೇಲೆ ಜೋಡಿಸಿ ತೋರಿಸಬೇಕೆಂದು ಅವರು ಉಪಾಧ್ಯಾಯನಿಗೆ ಸೂಚಿಸುತ್ತಾರೆ. ಎಂಟೂವರೆ ಶತಮಾನಗಳ ಹಿಂದೆಯೇ ಹೇಳಿದ ಈ ಬೋಧನಕ್ರಮವು ಇಂದಿನ ಯಾವ ತರಗತಿಗೂ ಸಲ್ಲುವಂಥದು. ಹಾಗೆಯೇ, ನಾಲ್ಕು ಬಾಹುಗಳನ್ನು ಮಾತ್ರ ಹೇಳಿ, ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ, ಚತುರ್ಭುಜದ ಕ್ಷೇತ್ರಫಲವನ್ನು ನಿಶ್ಚಯಿಸೆಂದು ಕೇಳುವವನನ್ನು ಅವರು ಪಿಶಾಚಿಯೆಂದು ಹಾಸ್ಯ ಮಾಡುತ್ತಾರೆ. ಉತ್ತರ ಹೇಳಹೊರಟವನನ್ನೂ ಬಿಡುವುದಿಲ್ಲ. ಅವೇ ನಾಲ್ಕು ಬಾಹುಗಳಿಂದ ಹಲವು ಆಕೃತಿಗಳು ಆಗಬಲ್ಲವು, ಆಕೃತಿ ಬಾಗಿದಂತೆ ಫಲವೂ ಬದಲಾಗುವುದು ಎಂಬುದೇ ಅವರ ಆಕ್ಷೇಪದ ತಿರುಳು.

ಎಣಿಕೆಯ ವಿದ್ಯೆಯನ್ನು ಆಚಾರ್ಯರು ಒಂದೇ ಕಡೆ ಕೂಡಿಹಾಕಲಿಲ್ಲ. ಬಡ್ಡಿ, ಪಾಲುದಾರಿಕೆ, ಚಿನ್ನದ ಬೆರಕೆಗಳ ಲೆಕ್ಕವಿರುವ ಮಿಶ್ರವ್ಯವಹಾರದಲ್ಲಿ ಅದು ಒಮ್ಮೆ ಬರುತ್ತದೆ. ಶ್ರೇಢೀವ್ಯವಹಾರದಲ್ಲಿ ಮತ್ತೊಮ್ಮೆ ಇಣುಕುತ್ತದೆ. ಗ್ರಂಥದ ಕೊನೆಯಲ್ಲಿ ಅಂಕಪಾಶವೆಂಬ ಹೆಸರಿನಿಂದ ಮೂರನೆಯ ಸಲ ಕಾಣಿಸಿಕೊಳ್ಳುತ್ತದೆ. ಹಿಂದೆ ಕಲಿತದ್ದನ್ನು ಶಿಷ್ಯನು ಮರೆಯದೆ ಮುಂದಿನ ಪ್ರಕರಣದಲ್ಲಿಯೂ ಗುರುತಿಸಬೇಕಾಗುವಂತೆ ಆ ರಚನೆಯಿದೆ. ಎಂಟು ದ್ವಾರಗಳ ಅರಮನೆಯಲ್ಲಿ ಒಂದನ್ನೋ ಎರಡನ್ನೋ ಮೂರನ್ನೋ, ಹೀಗೆ ಎಂಟರವರೆಗೆ ಎಷ್ಟನ್ನಾದರೂ ತೆರೆದಿಡುವ ಬಗೆಗಳು ಒಟ್ಟು ೨೫೫. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಬೇರೆಬೇರೆಯಾಗಿಯೂ ಬೆರೆಸಿಯೂ ಅಡಿಗೆ ಮಾಡುವ ಬಗೆಗಳು ೬೩. ಛಂದಶ್ಶಾಸ್ತ್ರವನ್ನು ಓದಿದವರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಪಾದಕ್ಕೆ ಆರು ಅಕ್ಷರಗಳುಳ್ಳ ಗಾಯತ್ರಿಯಲ್ಲಿ ಲಘು ಗುರುಗಳ ಪ್ರಸ್ತಾರ ಮಾಡಿದರೆ ೬೪ ಭೇದಗಳಾಗುತ್ತವೆ. ಅವುಗಳಲ್ಲಿ ಗುರುವೇ ಇಲ್ಲದ್ದು ೧, ಒಂದು ಗುರು ಇರುವುವು ೬, ಎರಡಿರುವುವು ೧೫, ಮೂರಿರುವುವು ೨೦, ನಾಲ್ಕಿರುವುವು ೧೫, ಐದಿರುವುವು ೬, ಎಲ್ಲವೂ ಗುರುವಾದದ್ದು ೧. ಕಾವ್ಯದ ಓದಿಗೂ ಗಣಿತದ ಓದಿಗೂ ನಡುವೆ ಗೋಡೆಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಂಕಪಾಶದಲ್ಲಿ ಬರುವ ಉದಾಹರಣೆ ಶಿವಭಕ್ತರ ಮನಸ್ಸನ್ನು ಸೆಳೆಯುವಂಥದು. ಪಾಶ, ಅಂಕುಶ, ಸರ್ಪ, ಡಮರು, ಕಪಾಲ, ಶೂಲ, ಖಟ್ವಾಂಗ, ಶಕ್ತಿ, ಬಾಣ, ಧನುಸ್ಸು ಎಂಬ ಹತ್ತನ್ನು ಶಂಭುವಿನ ಹತ್ತು ಕೈಗಳಲ್ಲಿ ಅದಲುಬದಲಾಗಿ ಇರಿಸಿದರೆ ಎಷ್ಟು ಮೂರ್ತಿಭೇದಗಳಾಗುತ್ತವೆ? ೩೬,೨೮,೮೦೦. ನಾಲ್ಕು ಕೈಗಳ ಹರಿಗೆ ಅದೇ ಕ್ರಮದಿಂದ ೨೪. ಇಲ್ಲಿ ದೊಡ್ಡ ಸೂತ್ರವೇನೂ ಇಲ್ಲ. ಒಂದರಿಂದ ಹತ್ತರವರೆಗಿನ ಅಂಕಗಳ ಗುಣಾಕಾರವಷ್ಟೆ. ಹೀಗಿದ್ದೂ, ಗಣಿತ ಬಲ್ಲೆವೆಂಬ ಗರ್ವವುಳ್ಳವರು ಈ ಪ್ರಕರಣದಲ್ಲಿ ತಪ್ಪದೆ ತಲೆತಗ್ಗಿಸುತ್ತಾರೆಂದು ಆಚಾರ್ಯರು ನಗೆಯಾಡುತ್ತಾರೆ.

ಸಂಭವನೀಯತೆಯೆಂದು ಇಂದು ಪ್ರೌಢಶಾಲೆಯಲ್ಲಿ ಕಲಿಸುವ ಶಾಸ್ತ್ರ ಆಚಾರ್ಯರ ಕಾಲದಲ್ಲಿ ಹುಟ್ಟಿರಲಿಲ್ಲ. ಐದು ಶತಮಾನಗಳ ತರುವಾಯ, ೧೬೫೪ರಲ್ಲಿ, ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಪಂಡಿತರು ಜೂಜಿನ ಪಣವನ್ನು ಹಂಚುವ ಪ್ರಶ್ನೆಯ ಮೇಲೆ ಪತ್ರವ್ಯವಹಾರ ನಡೆಸಿದಾಗ ಅದಕ್ಕೆ ಅಸ್ತಿಭಾರ ಬಿದ್ದಿತು. ಆದರೆ ಆ ಅಸ್ತಿಭಾರದ ಕಲ್ಲುಗಳು ಈ ಎಣಿಕೆಗಳೇ. ಸಾಧ್ಯವಿರುವ ಬಗೆಗಳೆಷ್ಟು, ಅವುಗಳಲ್ಲಿ ಬೇಕಾದುವು ಎಷ್ಟು ಎಂಬುದನ್ನು ಲೋಪವಿಲ್ಲದೆ, ದ್ವಿರುಕ್ತಿಯಿಲ್ಲದೆ ಎಣಿಸಬಲ್ಲವನಿಗೆ ಸಂಭವನೀಯತೆ ಒಂದು ಭಿನ್ನರಾಶಿ ಮಾತ್ರ. ಮೇಲಿನ ಪ್ರಸ್ತಾರದ ೬೪ ಭೇದಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ ಅದರಲ್ಲಿ ಮೂರೇ ಗುರುಗಳಿರುವ ಸಂಭವ ೬೪ರಲ್ಲಿ ೨೦, ಎಂದರೆ ಹದಿನಾರರಲ್ಲಿ ಐದು. ಆಗಮವನ್ನರಿಯದ ಶಿಲ್ಪಿಯೊಬ್ಬನು ಶಂಭುವಿನ ಹತ್ತು ಕೈಗಳಲ್ಲಿ ಹತ್ತು ವಸ್ತುಗಳನ್ನು ತೋಚಿದಂತೆ ಇರಿಸಿದರೆ, ಉದ್ದೇಶಿತ ಮೂರ್ತಿಯೇ ಆಗುವ ಸಂಭವ ೩೬,೨೮,೮೦೦ರಲ್ಲಿ ಒಂದು. ಲೀಲಾವತಿಯ ಹಳೆಯ ಲೆಕ್ಕವೇ ಇಲ್ಲಿ ಹೊಸ ಪಾಠವಾಗುತ್ತದೆ.

ಲೀಲಾವತಿಯನ್ನು ದಾಟಿ ಬೀಜಗಣಿತಕ್ಕೆ ಬಂದರೆ ಆಚಾರ್ಯರ ದರ್ಶನ ಇನ್ನೂ ಸ್ಪಷ್ಟವಾಗುತ್ತದೆ. ಅವ್ಯಕ್ತಗಳಿಗೆ ಬಣ್ಣಗಳ ಹೆಸರಿಟ್ಟು ಮಾಡುವ ಗಣನೆಯಲ್ಲ ನಿಜವಾದ ಬೀಜ, ಆ ಗಣನೆಯನ್ನು ನಡೆಸುವ ಬುದ್ಧಿಯೇ ಬೀಜ ಎಂಬುದು ಅವರ ಅಭಿಪ್ರಾಯದ ಸಾರ. ಮಂದಬುದ್ಧಿಗಳಿಗೆ ತಿಳಿಯಲೆಂದು ಆ ಬುದ್ಧಿಯೇ ಬಗೆಬಗೆಯ ವಿಧಾನಗಳಾಗಿ ಹರಡಿಕೊಂಡಿದೆಯಂತೆ. ಅಲ್ಲಿಯ ಒಂದು ಲೆಕ್ಕದಲ್ಲಿ ಹದಿನೈದು ಮತ್ತು ಇಪ್ಪತ್ತು ಅಳತೆಯ ಭುಜಕೋಟಿಗಳನ್ನು ಕೊಟ್ಟು, ಇಂದಿನ ಪಠ್ಯಗಳು ವಿಕರ್ಣವೆನ್ನುವ ಕರ್ಣವನ್ನು ಕೇಳಿ, ರೂಢಿಯಲ್ಲಿರುವ ಆ ನಿಯಮಕ್ಕೆ ಉಪಪತ್ತಿಯನ್ನೂ ಹೇಳೆನ್ನುತ್ತಾರೆ. ಅಂಥ ನಾಲ್ಕು ತ್ರಿಭುಜಗಳನ್ನು ಕರ್ಣಗಳು ಹೊರಗಿರುವಂತೆ ಜೋಡಿಸಿದರೆ ಒಂದು ದೊಡ್ಡ ಚೌಕವಾಗುತ್ತದೆ. ನಡುವೆ ಐದು ಅಳತೆಯ ಸಣ್ಣ ಚೌಕವೊಂದು ಉಳಿಯುತ್ತದೆ. ಒಂದೊಂದು ತ್ರಿಭುಜದ ಫಲ ೧೫೦, ನಾಲ್ಕಕ್ಕೆ ೬೦೦, ಸಣ್ಣ ಚೌಕ ೨೫, ಒಟ್ಟು ೬೨೫. ಆದುದರಿಂದ ಕರ್ಣ ೨೫. ಚಿತ್ರದ ಒಂದು ನೋಟದಲ್ಲಿ ನಿಯಮದ ಗುಟ್ಟು ಬಯಲಾಗುತ್ತದೆ.

ಇನ್ನೊಂದು ಲೆಕ್ಕದಲ್ಲಿ ಎರಡು ರಾಶಿಗಳಿವೆ. ಮೊದಲನೆಯದರ ನಾಲ್ಕರಷ್ಟು, ಎರಡನೆಯದರ ಮೂರರಷ್ಟು, ಮೇಲೆ ಎರಡು. ಇವುಗಳ ಮೊತ್ತವು ಆ ರಾಶಿಗಳ ಗುಣಲಬ್ಧಕ್ಕೆ ಸಮ. ಇದು ಶುದ್ಧ ಬೀಜಗಣಿತದಂತೆ ಕಾಣುತ್ತದೆ. ಆದರೆ ಗುಣಲಬ್ಧವೆಂದರೆ ಆಯತದ ಕ್ಷೇತ್ರಫಲ. ಆಯತದಿಂದ ನಾಲ್ಕರ ಮತ್ತು ಮೂರರ ಅಗಲದ ಪಟ್ಟಿಗಳನ್ನು ತೆಗೆದರೆ ಮೂಲೆಯಲ್ಲಿ ೧೪ ಫಲದ ಕಿರಿಯ ಆಯತ ಉಳಿಯುತ್ತದೆ. ಹದಿನಾಲ್ಕನ್ನು ಒಂದು ಹದಿನಾಲ್ಕು ಎಂದೋ ಎರಡು ಏಳು ಎಂದೋ ಒಡೆದರೆ ರಾಶಿಗಳು ಹೊರಬೀಳುತ್ತವೆ: ಹದಿನೇಳು ಮತ್ತು ಐದು, ಹತ್ತು ಮತ್ತು ಆರು, ಐದು ಮತ್ತು ಹನ್ನೊಂದು, ನಾಲ್ಕು ಮತ್ತು ಹದಿನೆಂಟು. ಇಂಥ ಕಡೆಗಳಲ್ಲಿ ಉಪಪತ್ತಿಯು ಕ್ಷೇತ್ರದಿಂದ ಬರುವುದೊಂದು, ರಾಶಿಯಿಂದ ಬರುವುದೊಂದು ಎಂದು ಎರಡು ತೆರನೆಂದೂ, ಕ್ಷೇತ್ರದಿಂದ ತಿಳಿಯದವರಿಗೆ ರಾಶಿಯಿಂದ ತೋರಿಸಬೇಕೆಂದೂ ಆಚಾರ್ಯರು ವಿವರಿಸುತ್ತಾರೆ. ಒಂದು ದಾರಿಯಲ್ಲಿ ನಡೆಯಲಾರದ ಶಿಷ್ಯನನ್ನು ದಡ್ಡನೆಂದು ಕೈಬಿಡದೆ ಇನ್ನೊಂದು ದಾರಿಯಿಂದ ಕರೆದೊಯ್ಯುವ ಈ ಔದಾರ್ಯ ಗುರುತನದ ಹೆಗ್ಗುರುತು.

ಅವರ ಶಕ್ತಿಯ ಶಿಖರವನ್ನು ಕಾಣಬೇಕಾದರೆ ಚಕ್ರವಾಳವಿಧಾನವನ್ನು ನೋಡಬೇಕು. ಒಂದು ವರ್ಗಸಂಖ್ಯೆಯನ್ನು ೬೧ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಮತ್ತೊಂದು ವರ್ಗವೇ ಬರಬೇಕು. ಈ ಸರಳವಾದ ಪ್ರಶ್ನೆಗೆ ಅತ್ಯಂತ ಚಿಕ್ಕ ಉತ್ತರವೇ ೨೨,೬೧,೫೩,೯೮೦ ಮತ್ತು ೧,೭೬,೬೩,೧೯,೦೪೯ ಎಂಬ ಮೂಲಗಳು. ಜಯದೇವನೆಂಬ ಪೂರ್ವಸೂರಿಗೂ ತಿಳಿದಿದ್ದ ಈ ವಿಧಾನವನ್ನು ಆಚಾರ್ಯರು ಸುಲಭಗೊಳಿಸಿ, ಕೆಲವೇ ಹೆಜ್ಜೆಗಳಲ್ಲಿ ಈ ಉತ್ತರವನ್ನು ಪಡೆದರು. ೧೬೫೭ರಲ್ಲಿ ಇದೇ ೬೧ರ ಲೆಕ್ಕವನ್ನು ಫರ್ಮಾ ತನ್ನ ಸಮಕಾಲೀನರಿಗೆ ಸವಾಲಾಗಿ ಒಡ್ಡಿದಾಗ, ಅದು ಭಾರತದಲ್ಲಿ ಐದು ಶತಮಾನಗಳ ಹಿಂದೆಯೇ ಬಿಡಿಸಿದ ಲೆಕ್ಕವೆಂಬುದು ಯೂರೋಪಿಗೆ ತಿಳಿದಿರಲಿಲ್ಲ.

ವೃದ್ಧಾಪ್ಯವೂ ಆಚಾರ್ಯರ ಲೇಖನಿಯನ್ನು ತಡೆಯಲಿಲ್ಲ. ೧೧೮೩ರಲ್ಲಿ, ೬೯ನೆಯ ವಯಸ್ಸಿನಲ್ಲಿ, ಪಂಚಾಂಗಕರ್ತರಿಗೆ ನೆರವಾಗುವ 'ಕರಣಕುತೂಹಲ'ವನ್ನು ಅವರು ರಚಿಸಿದರು. ಅವರ ಮಗ ಲಕ್ಷ್ಮೀಧರರು ಶಾಸ್ತ್ರಾರ್ಥದಲ್ಲಿ ನಿಪುಣರೆಂದು ಸೇವುಣ ಅರಸನಾದ ಜೈತ್ರಪಾಲನು ಅವರನ್ನು ಕರೆದೊಯ್ದು ವಿದ್ವಾಂಸರಿಗೆಲ್ಲ ಅಗ್ರಣಿಯನ್ನಾಗಿ ಮಾಡಿಕೊಂಡನು. ಮೊಮ್ಮಗ ಚಾಂಗದೇವರು ಅದೇ ವಂಶದ ಸಿಂಘಣನ ಆಸ್ಥಾನದಲ್ಲಿ ಜ್ಯೋತಿಷಿಗಳಾದರು. ಸಿಂಘಣನ ಆಳ್ವಿಕೆ ಉತ್ತರ ಕರ್ನಾಟಕಕ್ಕೂ ವ್ಯಾಪಿಸಿತ್ತು. ಅವನ ಕಾಲದ ಕನ್ನಡ ಶಾಸನಗಳು ಹೇರಳವಾಗಿವೆ.

ಈ ಚಾಂಗದೇವರು ಮಾಡಿದ ಒಂದು ಕಾರ್ಯ ವಿದ್ಯಾಸಂಸ್ಥೆಗಳ ಚರಿತ್ರೆಯಲ್ಲಿ ಸುವರ್ಣಾಕ್ಷರಗಳಿಂದ ಬರೆದಿಡತಕ್ಕದ್ದು. ಇಂದಿನ ಮಹಾರಾಷ್ಟ್ರದ ಚಾಳೀಸಗಾಂವಿನ ಬಳಿಯ ಪಾಟಣದಲ್ಲಿ ಅವರು ಒಂದು ಮಠವನ್ನು ಸ್ಥಾಪಿಸಿದರು. ಅದರ ಉದ್ದೇಶ ಒಂದೇ: ತಾತಂದಿರ ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳನ್ನೂ, ಆ ವಂಶದ ಇತರರ ಗ್ರಂಥಗಳನ್ನೂ ಅಲ್ಲಿ ನಿಯಮದಿಂದ ಪಾಠ ಹೇಳತಕ್ಕದ್ದು. ಆ ಪ್ರಾಂತದ ನಿಕುಂಭವಂಶದ ಮಾಂಡಲಿಕ ಸೋಯಿದೇವನು ೧೨೦೭ರಲ್ಲಿ ಗ್ರಹಣಕಾಲದ ಪುಣ್ಯದಿನ ಮಠಕ್ಕೆ ದತ್ತಿಯನ್ನು ಬಿಟ್ಟನು. ೧೯ನೆಯ ಶತಮಾನದಲ್ಲಿ ಭಾವು ದಾಜಿಯವರು ಬೆಳಕಿಗೆ ತಂದ ಆ ಶಾಸನದ ಬಹುಭಾಗ ಸಂಸ್ಕೃತದಲ್ಲಿದೆ. ದತ್ತಿಯ ವಿವರ ಮಾತ್ರ ಕೊನೆಯಲ್ಲಿ ಹಳೆಯ ಮರಾಠಿಯಲ್ಲಿದೆ. ಪೇಟೆಯ ವ್ಯಾಪಾರದಲ್ಲಿ ಅರಸನಿಗೆ ಸಲ್ಲುತ್ತಿದ್ದ ಪಾಲೂ, ಗಾಣಗಳಿಂದ ಇಷ್ಟಿಷ್ಟು ಎಣ್ಣೆಯೂ ಮಠಕ್ಕೆ ಸಲ್ಲಬೇಕೆಂದು ಅದರಲ್ಲಿ ಗೊತ್ತುಮಾಡಿದೆ. ಅರಮನೆಯ ದಾನದಷ್ಟೇ ಗಾಣಿಗನ ಒಂದು ಅಳತೆ ಎಣ್ಣೆಯೂ ಗಣಿತವಿದ್ಯೆಯ ದೀಪವನ್ನು ಉರಿಸಿತೆಂಬುದನ್ನು ನೆನೆದಾಗ ಹೃದಯ ತುಂಬಿಬರುತ್ತದೆ.

ಅಲ್ಲಿಂದ ಆ ದೀಪ ದೂರದೂರಕ್ಕೆ ಹಬ್ಬಿತು. ೧೫೪೫ರಲ್ಲಿ ಗಣೇಶ ದೈವಜ್ಞರು ಲೀಲಾವತಿಗೆ 'ಬುದ್ಧಿವಿಲಾಸಿನೀ' ಎಂಬ ವ್ಯಾಖ್ಯಾನವನ್ನು ಬರೆದರು. ಕೃಷ್ಣ ದೈವಜ್ಞರು ಬೀಜಗಣಿತಕ್ಕೆ 'ಬೀಜಪಲ್ಲವ'ವನ್ನು ರಚಿಸಿದರು. ಕೇರಳದ ಗಣಿತಪಂಡಿತರು 'ಕ್ರಿಯಾಕ್ರಮಕರೀ' ಎಂಬ ಟೀಕೆಯಲ್ಲಿ ಲೀಲಾವತಿಯ ಉಪಪತ್ತಿಗಳನ್ನು ಬೆಳೆಸಿದರು. ಫೈಜಿಯ ಪಾರಸಿ ಅನುವಾದದ ತರುವಾಯ, ೧೮೧೭ರಲ್ಲಿ ಕೋಲ್‌ಬ್ರೂಕ್ ಎಂಬ ವಿದ್ವಾಂಸನು ಲೀಲಾವತಿ ಬೀಜಗಣಿತಗಳೆರಡನ್ನೂ ಇಂಗ್ಲಿಷಿಗೆ ತಂದು ಪಾಶ್ಚಾತ್ಯರ ಕಣ್ತೆರೆಸಿದನು. ಒಂದು ಪಾಠಪುಸ್ತಕಕ್ಕೆ ಇದಕ್ಕಿಂತ ದೀರ್ಘವಾದ ಆಯುಸ್ಸು ದೊರೆತಿರುವುದು ಅಪೂರ್ವ.

ಆ ಆಯುಸ್ಸಿಗೆ ಕಾರಣವೇನೆಂದು ವಿಚಾರಿಸಿದರೆ ಮೂರು ಸಂಗತಿಗಳು ಎದ್ದುತೋರುತ್ತವೆ. ಬುದ್ಧಿಯನ್ನೇ ಬೀಜವೆಂದು ನಂಬಿದ ಗುರು ಇದ್ದನು. ಆ ಗುರುವಿನ ಗ್ರಂಥವನ್ನು ತಪ್ಪದೆ ಓದಿಸಿದ ಮಠವಿದ್ದಿತು. ಆ ಮಠದ ಹೊರೆಯನ್ನು ಹೊತ್ತ ದಾನಿಗಳಿದ್ದರು. ಮೂವರಲ್ಲಿ ಒಬ್ಬರು ಇಲ್ಲವಾದರೂ ವಿದ್ಯೆಯ ಹಣತೆ ನಂದುವುದು. ಶಾಲೆಗೆ ಕಟ್ಟಡ, ಗ್ರಂಥಾಲಯ, ಶಿಷ್ಯವೇತನ ಎಲ್ಲವೂ ಬೇಕು. ಅವೆಲ್ಲ ಗಾಣದ ಎಣ್ಣೆಯಿದ್ದಂತೆ. ಎಣ್ಣೆ ತುಂಬಿದ ಮೇಲೆ ಬತ್ತಿಯನ್ನು ಹೊತ್ತಿಸುವ ಹೊಣೆ ತರಗತಿಯದು. ವಾರಕ್ಕೊಂದು ದಿನವಾದರೂ ಅಧ್ಯಾಯದ ಹೆಸರನ್ನು ಮರೆಮಾಡಿ, ಬಿದಿರಿನ ಪಕ್ಕದಲ್ಲಿ ದುಂಬಿಯನ್ನೂ, ದುಂಬಿಯ ಪಕ್ಕದಲ್ಲಿ ಪ್ರಸ್ತಾರವನ್ನೂ ಇರಿಸಿ, ಒಂದನ್ನು ಎರಡು ದಾರಿಗಳಿಂದ ಬಿಡಿಸಿರೆಂದು ಮಕ್ಕಳ ಮುಂದಿಡುವ ಉಪಾಧ್ಯಾಯನು ಭಾಸ್ಕರಾಚಾರ್ಯರ ಶಿಷ್ಯಪರಂಪರೆಗೆ ಸೇರಿದವನೇ ಸರಿ. ಅಂಥ ಉಪಾಧ್ಯಾಯರೂ, ಅವರನ್ನು ಪೋಷಿಸುವ ದಾನಿಗಳೂ ನಾಡಿನಲ್ಲಿ ಹೆಚ್ಚಲಿ. ಗಣಿತಗುರುವಿನ ಹೆಸರು ಚಿರವಾಗಿ ಬೆಳಗಲಿ.